ಹಂತ ಕೇಳುತ್ತಿದ್ದ ಮೇಷ್ಟ್ರು

ಮಂಜುಳ ಕಾಪಿ ಹೊಡೆದಿರಲಿಲ್ಲ. ಲೆಕ್ಕದ ಮೇಷ್ಟ್ರು ತಪ್ಪು ತಿಳಿದರು. ನಿಜ ಏನೆಂದು ನನಗೆ ಆ ದಿನವೇ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ. ಆದದ್ದು ಇಷ್ಟೇ. ಉಳಿದದ್ದೆಲ್ಲ ಊರಿನವರು ಆಮೇಲೆ ಸೇರಿಸಿದ್ದು.

ಇವತ್ತಿಗೂ ಊರಿನಲ್ಲಿ ಆ ಹುಡುಗಿಗೆ ‘ಕಾಪಿ ಮಂಜುಳ’ ಎಂದೇ ಹೆಸರು. ಮದುವೆಯಾಗಿ ಮೇಲೂರಿಗೆ ಹೋದಳು, ಹೆಸರು ಮಾತ್ರ ಇಲ್ಲೇ ಉಳಿಯಿತು. ಅವಳ ತಾಯಿ ಬೀದಿಯಲ್ಲಿ ಹೋದರೆ ‘ಕಾಪಿ ಮಂಜುಳನ ಅಮ್ಮ’ ಎನ್ನುತ್ತಾರೆ.

ಮೇಷ್ಟ್ರು ತೀರಿಕೊಂಡ ಮೇಲೆ ಸ್ಕೂಲಿನಲ್ಲಿ ಸಭೆ ಮಾಡಿದರು. ಫೋಟೋಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಅವರ ಬಗ್ಗೆ ಒಂದು ಪುಸ್ತಕ ತರುತ್ತೇವೆ, ಗೊತ್ತಿದ್ದವರೆಲ್ಲ ಎರಡು ಪುಟ ಬರೆದುಕೊಡಿ ಎಂದು ಹೆಡ್ಮಾಸ್ಟರು ಕೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆ ಸ್ಕೂಲಿನಲ್ಲಿ ಹದಿನೇಳು ವರ್ಷ ಬಿಸಿಯೂಟ ಬೇಯಿಸಿದವಳು, ಮೇಷ್ಟ್ರನ್ನು ದಿನಾ ನೋಡಿದವಳು. ಅದಕ್ಕೆ ಬರೆಯುತ್ತಿದ್ದೇನೆ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ. ಪುಸ್ತಕಕ್ಕೆ ಹಾಕಿಕೊಂಡರೆ ಹಾಕಿಕೊಳ್ಳಲಿ, ಬಿಟ್ಟರೆ ಬಿಡಲಿ.

ಮೇಷ್ಟ್ರು ಬರುತ್ತಿದ್ದದ್ದು ಚಿಂತಾಮಣಿಯಿಂದ, ಎರಡು ಬಸ್ಸು ಬದಲಿಸಿ. ಅಷ್ಟು ದೂರದಿಂದ ಯಾಕೆ ಓಡಾಡುತ್ತಾರೆ ಎಂದು ಹೊಸದಾಗಿ ಬಂದವರು ಕೇಳುತ್ತಿದ್ದರು. ಊರಿನಲ್ಲಿ ಅವರಿಗೆ ಯಾರೂ ಮನೆ ಕೊಡಲಿಲ್ಲ. ಯಾಕೆಂದು ಬರೆಯುವುದು ಬೇಡ, ಈ ಕಡೆಯವರಿಗೆ ಹೇಳದೆಯೇ ತಿಳಿಯುತ್ತದೆ. ಬಂದ ಹೊಸದರಲ್ಲಿ ನಮ್ಮ ಮನೆಗೂ ಬಂದು ಕೇಳಿದ್ದರು. ಮುಂದಿನ ಕೋಣೆ ಖಾಲಿ ಇತ್ತು. “ಹುಳ ಸಾಕಕ್ಕೆ ಬೇಕು” ಎಂದೆ. ಆ ವರ್ಷ ನಾವು ರೇಷ್ಮೆ ಹುಳ ಸಾಕಲಿಲ್ಲ. ಅದು ಅವರಿಗೆ ಗೊತ್ತಾಗದೆ ಇರಲಿಲ್ಲ. ಒಂದು ದಿನವೂ ಅದರ ಮಾತೆತ್ತಲಿಲ್ಲ.

ಸಣ್ಣ ಆಳು. ಬೇಸಿಗೆಯಲ್ಲೂ ತುಂಬು ತೋಳಿನ ಶರಟು, ಗುಂಡಿ ಕತ್ತಿನವರೆಗೆ. ಸೀಮೆಸುಣ್ಣದ ಚೂರನ್ನು ಬಿಸಾಡುತ್ತಿರಲಿಲ್ಲ, ಉಗುರಿಗೆ ಸಿಗುವಷ್ಟು ಉಳಿದರೂ ಜೇಬಿಗೆ ಹಾಕಿಕೊಳ್ಳುವರು. ಮಧ್ಯಾಹ್ನ ಮಕ್ಕಳ ಸಾಲಿನಲ್ಲೇ ಕೂತು, ಮಕ್ಕಳದೇ ತಟ್ಟೆಯಲ್ಲಿ ಉಂಡು, ತಟ್ಟೆಯನ್ನು ತಾವೇ ತೊಳೆದಿಡುವರು. ಬೇರೆ ಮೇಷ್ಟ್ರುಗಳಿಗೆ ಅದು ಇರಿಸುಮುರಿಸು. “ಇವರು ತೊಳೆದ್ರೆ ನಾವೂ ತೊಳೀಬೇಕಾಗತ್ತೆ” ಎಂದು ಒಬ್ಬರು ನನ್ನೆದುರೇ ಅಂದರು. “ತೊಳೀರಿ, ಕೈ ಸವೆಯಲ್ಲ” ಎಂದೆ.

ಮಕ್ಕಳು ಅವರಿಗೆ ಇಟ್ಟ ಹೆಸರು ಹಂತದ ಮೇಷ್ಟ್ರು. ಲೆಕ್ಕದ ಉತ್ತರ ಸರಿ ಬಂದರೆ ಅವರಿಗೆ ಸಾಲದು. ಅದು ಹೇಗೆ ಬಂತು ಎಂದು ಒಂದರ ಕೆಳಗೊಂದು ಸಾಲಾಗಿ ಬರೆದಿರಬೇಕು. ಅದಕ್ಕೆ ಅವರು ಹಂತ ಎನ್ನುತ್ತಿದ್ದರು. ಅಡುಗೆಮನೆಗೆ ಹತ್ತನೇ ಕ್ಲಾಸು ಅಂಟಿಕೊಂಡಂತೆಯೇ ಇದ್ದುದರಿಂದ ನನಗೆ ಎಲ್ಲ ಕೇಳುತ್ತಿತ್ತು.

“ಹಂತ ಎಲ್ಲಪ್ಪ?”

“ಉತ್ತರ ಸರಿ ಇದೆ ಸಾರ್.”

“ಉತ್ತರ ಪಕ್ಕದೋನದ್ದೂ ಆಗಿರಬಹುದು ಕಣಪ್ಪ. ಹಂತ ನಿಂದು. ಅದನ್ನ ತೋರ್ಸು.”

ಊಟದ ಸಾಲಿನಲ್ಲಿ ಪೋಲಿಗಳು ಅವರ ಧ್ವನಿ ತೆಗೆದು ನನ್ನನ್ನೇ ಆಡಿಸುತ್ತಿದ್ದವು. “ಸಾರು ಚೆನ್ನಾಗಿದೆ ಅಜ್ಜಿ, ಹಂತ ಎಲ್ಲಿ?” ನಾನು ಸೌಟು ತೋರಿಸುತ್ತಿದ್ದೆ.

ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಮೇಷ್ಟ್ರು ಅಡುಗೆಯ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಮಿಕ್ಕವರು ರುಚಿ ನೋಡದೆಯೇ ಸಹಿ ಹಾಕುವರು. ಇವರು ನಿಂತು ಎರಡು ತುತ್ತು ತಿಂದೇ ಹಾಕುವರು.

“ಉಪ್ಪು ಎಷ್ಟು ಹಾಕಿದ್ರಿ ಅಮ್ಮ?”

“ಕೈಯಳತೆ.”

“ಕೈಯಳತೆ ಅಂದ್ರೆ ಎಷ್ಟು?”

“ಕೈಯಷ್ಟು.”

“ಹಾಗಂದ್ರೆ ಲೆಕ್ಕ ಆಗಲ್ಲ.”

“ಲೆಕ್ಕ ನಿಮ್ದು, ಸಾರು ನಂದು. ಉಂಡ್ಕೊಂಡು ಹೋಗಿ ಮೇಷ್ಟ್ರೇ.”

ಮಾರನೆಯ ದಿನ ವಿಜ್ಞಾನದ ರೂಮಿನಿಂದ ತಕ್ಕಡಿ ತಂದರು. ನನ್ನ ಕೈಯಲ್ಲಿ ಮೂರು ಸಲ ಉಪ್ಪು ಎತ್ತಿಸಿ ಮೂರು ಸಲ ತೂಗಿದರು. ಮೂರೂ ಒಂದೇ ತೂಕ. ತಕ್ಕಡಿಯನ್ನು ಒಂದಷ್ಟು ಹೊತ್ತು ನೋಡಿದರು, ಆಮೇಲೆ ನನ್ನ ಕೈಯನ್ನು ನೋಡಿದರು. ಒಪ್ಪದ ಮುಖದಲ್ಲೇ ತಕ್ಕಡಿ ಎತ್ತಿಕೊಂಡು ಹೋದರು.

ಒಂದು ಶನಿವಾರ ಮಧ್ಯಾಹ್ನ ಮೇಷ್ಟ್ರು ಬಸ್ಸು ತಪ್ಪಿ ಅಡುಗೆಮನೆಯ ಜಗಲಿಯಲ್ಲಿ ಕೂತಿದ್ದಾಗ ನಾನೇ ಕೇಳಿದೆ. “ಯಾಕೆ ಮೇಷ್ಟ್ರೇ, ಹಂತ ಹಂತ ಅಂತ ಆ ಮಕ್ಕಳ ಪ್ರಾಣ ತಿಂತೀರಿ?”

ಜೇಬಿನ ಸೀಮೆಸುಣ್ಣದ ಚೂರನ್ನು ಬೆರಳಲ್ಲಿ ಹೊರಳಿಸುತ್ತಾ ಹೇಳಿದರು. “ನಾನು ಏಳನೇ ಕ್ಲಾಸಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ತೆಗೆದಿದ್ದೆ ಅಮ್ಮ. ನಮ್ಮ ಮೇಷ್ಟ್ರು ಪೇಪರು ಎತ್ತಿ ಹಿಡಿದು, ನಿನ್ನಂಥೋನಿಗೆ ಇಷ್ಟು ಎಲ್ಲಿಂದ ಬಂತೋ, ಯಾರದ್ದು ನೋಡಿ ಬರೆದ್ಯೋ ಅಂದ್ರು. ಕ್ಲಾಸೆಲ್ಲಾ ನಕ್ತು. ಬೋರ್ಡ್ ಹತ್ರ ಕರೆದ್ರು. ನಾನು ಒಂದೊಂದೇ ಹಂತ ಬರೀತಾ ಹೋದೆ. ಕೊನೇ ಗೆರೆ ಎಳೆಯೋ ಹೊತ್ತಿಗೆ ಒಬ್ಬರದ್ದೂ ಉಸಿರಿಲ್ಲ. ನನ್ನ ಉಳಿಸಿದ್ದು ಉತ್ತರ ಅಲ್ಲಮ್ಮ, ಹಂತ. ನಮ್ಮಂಥೋರು ಬರೀ ಉತ್ತರ ಬರೆದ್ರೆ ಯಾರೂ ನಂಬಲ್ಲ.”

ನನಗೆ ನಮ್ಮ ಮನೆಯ ಖಾಲಿ ಕೋಣೆ ನೆನಪಾಯಿತು, ಅಷ್ಟೇ.

ಈಗ ಮಂಜುಳನ ವಿಷಯ. ಅವರದು ಹುಳ ಸಾಕುವ ಮನೆ. ಬೆಳಗಾಗುವ ಮುಂಚೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಆಮೇಲೆ ಸ್ಕೂಲಿಗೆ ಓಡಿಬರುವಳು. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಆ ವಾರವೆಲ್ಲ ಸ್ಕೂಲಿಗೇ ಬರುತ್ತಿರಲಿಲ್ಲ. ಹುಳಕ್ಕೆ ಹೊಟ್ಟೆ ತುಂಬ ಹಾಕಿ ತಾನು ಖಾಲಿ ಹೊಟ್ಟೆಯಲ್ಲಿ ಬರುವ ಹುಡುಗಿ. ಅವಳನ್ನು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಕರೆದು ಗಂಜಿ ಕೊಡುತ್ತಿದ್ದೆ. ಕುಡಿದು ಸುಮ್ಮನೆ ಹೋಗುವಳಲ್ಲ. ಸೊಪ್ಪು ಸೋಸುವಳು, ತಟ್ಟೆ ಜೋಡಿಸುವಳು.

ಅದು ಮಾಡಬಾರದ ಕೆಲಸ. ಎಲ್ಲೋ ಒಂದು ಕಡೆ ಮಗುವೊಂದು ಕುದಿಯುವ ಸಾರಿನ ಪಾತ್ರೆಗೆ ಬಿತ್ತೆಂದು ಆಫೀಸರು ಬಂದು, ಮಕ್ಕಳು ಅಡುಗೆಮನೆಯ ಒಳಗೆ ಬರಕೂಡದು ಎಂದು ಬೋರ್ಡು ಹಾಕಿಸಿದ್ದರು. ಒಂದು ಮಗು ಒಳಗೆ ಕಂಡರೂ ಅಡುಗೆಯವಳನ್ನು ಬಿಡಿಸುತ್ತೇವೆ ಎಂದು ನನ್ನ ಮುಖ ನೋಡಿಯೇ ಹೇಳಿದ್ದರು. ನನಗೆ ಗಂಡ ಇರಲಿಲ್ಲ, ಮಗಳು ಸತ್ತು ಮೊಮ್ಮಗಳು ನನ್ನ ಮನೆಯಲ್ಲಿದ್ದಳು. ಆ ಕೆಲಸ ಹೋದರೆ ನಮಗೆ ಬೇರೆ ದಾರಿ ಇರಲಿಲ್ಲ. ಮಂಜುಳನಿಗೆ ಇದೆಲ್ಲ ಗೊತ್ತಿತ್ತು. ಗಂಜಿ ಕುಡಿದ ಲೋಟವನ್ನೂ ಬಚ್ಚಿಡುತ್ತಿದ್ದಳು.

ಬುಧವಾರ ನಮ್ಮಲ್ಲಿ ಮುದ್ದೆ. ಹೆಡ್ಮಾಸ್ಟರು ಊರಿನವರಿಂದ ರಾಗಿ ಎತ್ತಿಸುತ್ತಿದ್ದರು. ಪಕ್ಕದ ಪ್ರೈಮರಿ ಸ್ಕೂಲಿಗೂ ನಮ್ಮದೇ ಅಡುಗೆ. ಚಿಕ್ಕವರಿಗೆ ಒಂದು ಮುದ್ದೆ, ಹೈಸ್ಕೂಲಿನವರಿಗೆ ಎರಡು. ಉಂಡವರಲ್ಲಿ ಚಿಕ್ಕವರೆಷ್ಟು, ದೊಡ್ಡವರೆಷ್ಟು ಎಂದು ಪುಸ್ತಕದಲ್ಲಿ ಬೇರೆ ಬೇರೆ ಬರೆಯಬೇಕು. ಬಡಿಸುವ ಗಲಾಟೆಯಲ್ಲಿ ಯಾರು ಎಣಿಸುತ್ತಾರೆ? ತಟ್ಟೆಯೆಲ್ಲ ಒಂದೇ ಥರ. ಆದರೆ ಎಷ್ಟು ಮುದ್ದೆ ಕಟ್ಟಿದೆ ಎಂದು ನನ್ನ ಕೈಗೆ ಗೊತ್ತಿರುತ್ತದೆ, ಎಷ್ಟು ತಟ್ಟೆ ತೊಳೆದೆವು ಎಂದು ಗೊತ್ತಿರುತ್ತದೆ. ಅಷ್ಟು ಸಾಕು.

“ಹೇಗೆ ಅಜ್ಜಿ ಸಾಕು?” ಎಂದು ಮಂಜುಳ ಕೇಳಿದಳು.

“ತಟ್ಟೆ ಎಪ್ಪತ್ತೈದು. ಮುದ್ದೆ ನೂರ ಹದಿನೈದು ಹೋಯ್ತು. ಅಂದರಿಕೀ ಒಕ್ಕೊಕ್ಕಟಿ ಅಂದ್ಕೋ.” ಮನಸ್ಸಿನ ಲೆಕ್ಕ ನನಗೆ ತೆಲುಗಿನಲ್ಲೇ ಬರುವುದು. ಅವರ ಮನೆಯಲ್ಲೂ ತೆಲುಗೇ. ಎಲ್ಲರಿಗೂ ಒಂದೊಂದೇ ಎಂದುಕೊಂಡರೆ ಎಪ್ಪತ್ತೈದು ಮುದ್ದೆ ಸಾಕಿತ್ತು. ನಲವತ್ತು ಹೆಚ್ಚಿಗೆ ಹೋಗಿದೆ. “ಆ ಹೆಚ್ಚಿಂದು ಯಾರು ತಿಂದ್ರು?”

“ಎರಡನೇ ಮುದ್ದೆ ತಿಂದೋರು. ದೊಡ್ಡೋರು ನಲವತ್ತು!” ಎಂದಳು. ಆಮೇಲೆ, “ಚಿಕ್ಕೋರು ಮೂವತ್ತೈದು” ಎಂದು ತಾನೇ ಸೇರಿಸಿದಳು. ಅವತ್ತಿನಿಂದ ಬುಧವಾರದ ಎಣಿಕೆ ಅವಳದೇ ಆಯಿತು. ನನಗಿಂತ ಬೇಗ ಹೇಳುತ್ತಿದ್ದಳು.

ಹತ್ತನೇ ಕ್ಲಾಸಿನ ದೊಡ್ಡ ಪರೀಕ್ಷೆಗೆ ಮುಂಚೆ ಸ್ಕೂಲಿನಲ್ಲಿ ಒಂದು ತಯಾರಿ ಪರೀಕ್ಷೆ ನಡೆಯುತ್ತದೆ. ಲೆಕ್ಕದ ಪೇಪರು ಮುಗಿದ ಕೂಡಲೇ ಮಂಜುಳ ಹಿಂದಿನ ಬಾಗಿಲಿಗೆ ಓಡಿಬಂದಳು.

“ಅಜ್ಜಿ, ನಿನ್ನ ಮುದ್ದೆ ಲೆಕ್ಕಾನೇ ಬಂದಿತ್ತು ಕಣಜ್ಜಿ! ಕೊಟ್ಟಿಗೇಲಿ ಮೇಕೆ, ಕೋಳಿ. ತಲೆ ಮೂವತ್ತು, ಕಾಲು ಎಂಬತ್ನಾಲ್ಕು. ಎಲ್ಲಾ ಕೋಳೀನೇ ಅಂದ್ಕೊಂಡೆ. ಅರವತ್ತು ಕಾಲು. ಇಪ್ಪತ್ನಾಲ್ಕು ಹೆಚ್ಚಿಗೆ. ಒಂದು ಮೇಕೆಗೆ ಎರಡು ಕಾಲು ಹೆಚ್ಚು. ಹನ್ನೆರಡು ಮೇಕೆ, ಹದಿನೆಂಟು ಕೋಳಿ!”

“ಜಾಣೆ ಕಣೇ” ಎಂದೆ. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಎರಡು ದಿನ ಬಿಟ್ಟು ಮೇಷ್ಟ್ರು ಅವಳನ್ನು ಮೇಷ್ಟ್ರುಗಳ ರೂಮಿಗೆ ಕರೆಸಿದರು. ಆ ರೂಮಿನ ಕಿಟಕಿ ಅಡುಗೆಮನೆಯ ಕಡೆಗೆ. ನಾನು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ, ಆ ಕಿಟಕಿಯ ಎದುರಿಗೇ ನಿಂತಿದ್ದೆ.

“ಇದು ಯಾರ್ದು?”

“ನಂದೇ ಸಾರ್.”

“ನಿಂದಾದ್ರೆ ಹಂತ ಎಲ್ಲಮ್ಮ? ಹನ್ನೆರಡು, ಹದಿನೆಂಟು ಅಂತ ಎರಡು ಅಂಕಿ ಬರ್ದು ಕೂತಿದ್ದೀಯ. ನಿನ್ನ ಮುಂದೆ ಕೂತಿದ್ದೋಳು ಪುಟ ತುಂಬ ಬಿಡಿಸಿದ್ದಾಳೆ, ಅದೇ ಉತ್ತರ. ನೀನು ಈ ಪಾಠ ನಡೆದಾಗ ಕ್ಲಾಸಲ್ಲೇ ಇರ್ಲಿಲ್ಲ.”

“ಮನಸ್ಸಲ್ಲೇ ಮಾಡ್ದೆ ಸಾರ್.”

“ಯಾರು ಹೇಳ್ಕೊಟ್ರು?”

ಅವಳು ಕಿಟಕಿಯ ಕಡೆ ನೋಡಿದಳು. ನನ್ನನ್ನು ನೋಡಿದಳು. ನನ್ನ ತಲೆಯ ಮೇಲೇ ಆ ಬೋರ್ಡು ಇತ್ತು. “ಯಾರೂ ಇಲ್ಲ ಸಾರ್” ಎಂದಳು.

“ಯಾರೂ ಹೇಳ್ಕೊಡ್ದೆ, ಹಂತಾನೂ ಇಲ್ದೆ, ಉತ್ತರ ಆಕಾಶದಿಂದ ಬಿತ್ತಾ?”

ಮೇಷ್ಟ್ರು ಅನ್ಯಾಯ ಮಾಡಬೇಕೆಂದು ಮಾಡಿದವರಲ್ಲ. ಇನ್ನೊಂದು ಲೆಕ್ಕ ಕೊಟ್ಟು ನೋಡಿದರು. ಮೂರು ಕುಂಬಳಕಾಯಿ, ಎರಡು ಪರಂಗಿಹಣ್ಣು ಸೇರಿ ಹತ್ತೊಂಬತ್ತು ಕೆಜಿ. ಎರಡು ಕುಂಬಳಕಾಯಿ, ಮೂರು ಪರಂಗಿಹಣ್ಣು ಸೇರಿ ಹದಿನಾರು ಕೆಜಿ. ಒಂದೊಂದರ ತೂಕ ಎಷ್ಟು? ಹಾಳೆ ಕೊಟ್ಟು ಕೂರಿಸಿದರು. ನನ್ನ ಮುದ್ದೆ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅದಕ್ಕೆ ಒಂದು ಕಡೆಯಾದರೂ ಒಂದೊಂದೇ ಇರಬೇಕು, ತಲೆ ಇದ್ದ ಹಾಗೆ, ತಟ್ಟೆ ಇದ್ದ ಹಾಗೆ. ಇದರಲ್ಲಿ ಹಾಗೆ 'ಒಂದೊಂದೇ ಅಂದುಕೋ' ಎನ್ನಲು ಜಾಗವೇ ಇರಲಿಲ್ಲ. ಹುಡುಗಿ ಹಾಳೆ ನೋಡಿಕೊಂಡು ಕಾಲು ಗಂಟೆ ಕೂತಳು. ಒಂದಕ್ಷರ ಬರೆಯಲಿಲ್ಲ.

ನಾನು ನಿಂತಲ್ಲಿಂದ ಆ ರೂಮಿನ ಬಾಗಿಲಿಗೆ ಆರು ಹೆಜ್ಜೆ. ಹೋಗಿ, ನಾನೇ ಹೇಳಿಕೊಟ್ಟಿದ್ದು ಮೇಷ್ಟ್ರೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಅಪ್ಪನನ್ನು ಕರೆಸಿದರು. ಮುಂದಿನ ಪರೀಕ್ಷೆಗೆ ಸರಿಯಾಗಿ ಓದಿಸಿ, ಕಾಪಿ ಮಾಡಬಾರದೆಂದು ಬುದ್ಧಿ ಹೇಳಿ ಎನ್ನುವುದಕ್ಕೇ ಕರೆಸಿದ್ದು. ಅಪ್ಪ ಅಂಗಳದಲ್ಲಿ, ಮಕ್ಕಳೆಲ್ಲ ನೋಡುತ್ತಿರುವಾಗ, “ಓದಕ್ಕೆ ಕಳ್ಸಿದ್ರೆ ಕದಿಯೋದು ಕಲ್ತ್ಯಾ?” ಎಂದು ಎರಡು ಬಾರಿಸಿ ಎಳೆದುಕೊಂಡು ಹೋದ. ಅವಮಾನವಾಯಿತು ಅಂದ. ಅವಮಾನ ಇದ್ದರೂ ಇರಬಹುದು. ಆದರೆ ಹುಳದ ಮನೆಗೆ ಎರಡು ಕೈ ಬೇಕಿತ್ತು, ನೆಪ ಸಿಕ್ಕಿತು. ಮೇಷ್ಟ್ರು ಎರಡು ಸಲ ಹೇಳಿಕಳಿಸಿದರು. ಮಂಜುಳ ಮತ್ತೆ ಬರಲಿಲ್ಲ. ದೊಡ್ಡ ಪರೀಕ್ಷೆಗೆ ಕೂರಲೇ ಇಲ್ಲ.

ಮಳೆಗಾಲ ಬಂತು. ಒಂದು ಬುಧವಾರ ಊಟ ಮುಗಿಸಿ ತಟ್ಟೆ ತೊಳೆದಿಡಲು ಬಂದ ಮೇಷ್ಟ್ರು, ನಾನು ಯಾರನ್ನೂ ಕೇಳದೆ ದೊಡ್ಡವರು ಇಷ್ಟು, ಚಿಕ್ಕವರು ಇಷ್ಟು ಎಂದು ಪುಸ್ತಕದಲ್ಲಿ ಬರೆಸಿದ್ದನ್ನು ಕೇಳಿ ನಿಂತರು.

“ಎಣಿಸಿದ್ರಾ?”

“ಇಲ್ಲ. ಮುದ್ದೆ ಲೆಕ್ಕ.”

“ಅದೇನು?”

ಹೇಳಿದೆ. ಎಪ್ಪತ್ತೈದು ತಟ್ಟೆಯ ಆ ಹಳೇ ಬುಧವಾರವನ್ನೇ ಹಿಡಿದು ಹೇಳಿದೆ. ಜೇಬಿನಿಂದ ಸೀಮೆಸುಣ್ಣ ತೆಗೆದು, ಹೊಗೆ ಹಿಡಿದ ಗೋಡೆಯ ಮೇಲೆ ಬರೆದರು. ನನಗೆ ತಿಳಿಯಲೆಂದು ಚಿಕ್ಕವರಿಗೆ ‘ಚಿ’, ದೊಡ್ಡವರಿಗೆ ‘ದೊ’. ಒಂದು ಚಿ, ಒಂದು ದೊ, ತಟ್ಟೆ ಎಪ್ಪತ್ತೈದು. ಅದರ ಕೆಳಗೆ ಒಂದು ಚಿ, ಎರಡು ದೊ, ಮುದ್ದೆ ನೂರ ಹದಿನೈದು. ಕೆಳಗಿನದರಲ್ಲಿ ಮೇಲಿನದನ್ನು ಕಳೆದರು. ಚಿ ಹೋಯಿತು. ಒಂದು ದೊ ಉಳಿಯಿತು. ನಲವತ್ತು.

“ನಾನು ಬೋರ್ಡ್ ಮೇಲೆ ಮಾಡೋದೂ ಇದೇ ಅಮ್ಮ” ಎಂದರು. ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು, “ಇದನ್ನ ಯಾರಿಗಾದ್ರೂ ಹೇಳ್ಕೊಟ್ಟಿದ್ರಾ?” ಎಂದರು.

ಸುಳ್ಳು ಹೇಳಬಹುದಾಗಿತ್ತು. “ಮಂಜುಳಂಗೆ” ಎಂದೆ.

ರಾಗಿ ಮೂಟೆಯ ಮೇಲೆ ಕೂತುಬಿಟ್ಟರು. ಕೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡರು, ಒರೆಸಿಕೊಂಡರು, ಕೈಯಲ್ಲಿ ಏನೂ ಇಲ್ಲದಿದ್ದರೂ ಒರೆಸಿಕೊಳ್ಳುತ್ತಲೇ ಇದ್ದರು.

“ಎಲ್ಲಾ ಕೋಳಿ ಅಂದ್ಕೊಂಡ್ಳಾ?”

“ಹೂಂ.”

“ಅದೇ ಹಂತ ಅಮ್ಮ. ಇತ್ತು. ಬರೆದಿರ್ಲಿಲ್ಲ, ಅಷ್ಟೇ.” ಆಮೇಲೆ ತಲೆ ಎತ್ತಿ, “ಅವತ್ತು ನೀವು ಕಿಟಕಿ ಹತ್ರ ನಿಂತಿದ್ರಿ” ಎಂದರು.

“ನಿಂತಿದ್ದೆ.”

“ಒಂದು ಮಾತು ಹೇಳ್ಬಾರ್ದಿತ್ತಾ?”

“ಮಕ್ಕಳನ್ನ ಒಳಗೆ ಬಿಟ್ಕೊಂಡೆ ಅಂತ ನನ್ನ ಕೆಲಸ ಹೋಗ್ತಿತ್ತು.”

ಅವರು ಬೈಯಲಿಲ್ಲ. ನಾಳೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದು ಎದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಹುಡುಗಿ ಹೇಗೆ ಕಲಿತಳು ಎಂದು ಕೇಳುತ್ತಾರೆ, ನನ್ನ ಹೆಸರು ಬರುತ್ತದೆ. ಅರವತ್ತು ತುಂಬಿದರೆ ನನ್ನನ್ನು ಹೇಗೂ ಬಿಡಿಸುತ್ತಾರೆ, ಅದಕ್ಕೆ ಇನ್ನು ಎರಡು ವರ್ಷ ಇದೆ. “ಅಲ್ಲೀವರ್ಗೂ ಬಾಯಿ ಮುಚ್ಕೊಂಡಿರಿ ಮೇಷ್ಟ್ರೇ. ಆಮೇಲೆ ನಾನೇ ಊರಿಗೆಲ್ಲಾ ಹೇಳ್ತೀನಿ” ಎಂದೆ.

“ಮಾತು ಕೊಡ್ತೀರಾ?”

“ಕೊಟ್ಟೆ.”

ಅವತ್ತು ಸಂಜೆಯೇ ಮಂಜುಳನ ಮನೆಗೆ ಹೋದರಂತೆ. ಅಪ್ಪ ಅಮ್ಮನ ಎದುರಿಗೇ ಅವಳ ಹತ್ತಿರ ತಪ್ಪಾಯಿತಮ್ಮ ಎಂದರಂತೆ. ಪರೀಕ್ಷೆಯ ಫಾರಂ ತಾವೇ ತಂದುಕೊಡುತ್ತೇನೆ, ಮನೆಯಿಂದಲೇ ಓದಿ ಬರೆ ಎಂದರಂತೆ. ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸದೆ ಅಂದದ್ದನ್ನು ಮಾರನೆಯ ದಿನ ನನಗೆ ಬಂದು ಹೇಳಿದರು. “ನೀವು ನನ್ನ ಹತ್ರ ಹೇಳಿದ್ರಿ, ಸರಿ ಸಾರ್. ಊರಿಗೆ ಯಾರು ಹೇಳ್ತಾರೆ? ನಾನು ಆ ಸ್ಕೂಲಿಗೆ ಹೋಗಿ ಪರೀಕ್ಷೆ ಬರೆದು ಪಾಸಾದ್ರೆ, ಮತ್ತೆ ಕಾಪಿ ಹೊಡೆದ್ಲು ಅಂತಾರೆ.”

“ನನ್ನ ಹೆಸರು ಹೇಳಿದ್ಳಾ?” ಎಂದು ಕೇಳಿದೆ.

“ಇಲ್ಲ” ಎಂದರು ಮೇಷ್ಟ್ರು. ರುಚಿ ನೋಡಿ ಸಹಿ ಹಾಕಿ ಹೋದರು.

ಆಮೇಲೆ ಆ ಕ್ಲಾಸಿನಿಂದ ‘ಹಂತ ಎಲ್ಲಪ್ಪ’ ಕೇಳಿಸಲಿಲ್ಲ. ಯಾವುದಾದರೂ ಮಗು ಬರೀ ಉತ್ತರ ಬರೆದರೆ ಹತ್ತಿರ ಹೋಗಿ, ಹೇಗೆ ಯೋಚನೆ ಮಾಡಿದೆ ನಿಧಾನವಾಗಿ ಹೇಳು ಎಂದು ಕೇಳಿ, ಅದು ಹೇಳಿದ್ದನ್ನು ತಾವೇ ಸಾಲಾಗಿ ಬರೆದುಕೊಡುತ್ತಿದ್ದರು. ವಯಸ್ಸಾದ ಮೇಲೆ ಮೇಷ್ಟ್ರು ಮೆತ್ತಗಾದರು ಎಂದು ಸಭೆಯಲ್ಲಿ ಇದನ್ನೇ ಹೊಗಳಿದರು. ಮೆತ್ತಗಾದದ್ದಲ್ಲ, ಹೆದರಿದ್ದು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಉಪ್ಪಿನ ಬಗ್ಗೆ ಜಗಳ ತೆಗೆಯುವುದನ್ನೂ ಬಿಟ್ಟರು.

ಕುಂಬಳಕಾಯಿ ಲೆಕ್ಕವನ್ನು ಒಂದು ದಿನ ನನಗೆ ಬಿಡಿಸಿ ತೋರಿಸಿದರು. ಎರಡನ್ನೂ ಕೂಡಿದರೆ ಐದು ಕುಂಬಳಕಾಯಿ, ಐದು ಪರಂಗಿಹಣ್ಣು, ಮೂವತ್ತೈದು ಕೆಜಿ. ಅಂದರೆ ಒಂದು ಕುಂಬಳ, ಒಂದು ಪರಂಗಿ ಸೇರಿ ಏಳು. ಅಲ್ಲಿಂದ ಮುಂದೆ ನನ್ನ ಮುದ್ದೆ ಲೆಕ್ಕವೇ: ಎರಡೆರಡು ಸೇರಿ ಹದಿನಾಲ್ಕು, ಹತ್ತೊಂಬತ್ತರಲ್ಲಿ ಐದು ಹೆಚ್ಚಿಗೆ, ಅದು ಮೂರನೇ ಕುಂಬಳದ್ದು. ಕುಂಬಳ ಐದು, ಪರಂಗಿ ಎರಡು.

“ಕೂಡಿ ನೋಡು ಅಂತ ಅವಳಿಗೆ ಒಂದು ಮಾತು ಹೇಳಿದ್ದಿದ್ರೆ ಮಾಡ್ತಿದ್ಳು” ಎಂದೆ.

“ಮಾಡ್ತಿದ್ಳು” ಎಂದರು.

ಮೇಷ್ಟ್ರಿಗೆ ರಿಟೈರಾಯಿತು. ಮಂಜುಳನಿಗೆ ಹದಿನೆಂಟು ತುಂಬಿದ ತಿಂಗಳೇ ಮೇಲೂರಿನ ನೂಲು ತೆಗೆಯುವವರ ಮನೆಗೆ ಕೊಟ್ಟರು. ಈಗ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತಾಳೆ. ನನಗೂ ಅರವತ್ತು ತುಂಬಿತು, ಒಂದು ಶಾಲು ಹೊದಿಸಿ ಕಳಿಸಿದರು. ಕೊಟ್ಟ ಮಾತು ನಡೆಸಲು ಇನ್ನು ಯಾವ ಅಡ್ಡಿಯೂ ಇರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಯುಗಾದಿ ಕಳೆಯಲಿ ಎಂದುಕೊಂಡೆ. ಮದುವೆಯಾಗಿ ಹೋದಳಲ್ಲ, ಇನ್ನೇಕೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಊರು ನನ್ನನ್ನು ಕೇಳುತ್ತದಲ್ಲ, ಅದಕ್ಕೆ ಹೆದರಿದೆ.

ಅಷ್ಟರಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಚಿಂತಾಮಣಿಗೆ ಹೋಗಿ ನೋಡಿದೆ. ಮಂಚದ ಮೇಲೆ ಇನ್ನೂ ಸಣ್ಣಗೆ ಕಂಡರು. ಅವರ ಹೆಂಡತಿ ಕಾಫಿ ತರಲು ಒಳಗೆ ಹೋದಾಗ, ಸರಿ ಇದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಮುಖ ನೋಡಿದರು. ಹೇಳಿದ್ರಾ ಎಂದು ಕೇಳುತ್ತಿದ್ದಾರೆಂದು ಗೊತ್ತಾಯಿತು. ಗೊತ್ತಾಗದವಳ ಹಾಗೆ, “ಹುಷಾರಾಗ್ತೀರಿ ಬಿಡಿ ಮೇಷ್ಟ್ರೇ” ಎಂದೆ. ಕೈ ಬಿಟ್ಟರು. ಕಾಫಿ ಕುಡಿದು ಬಸ್ಸು ಹತ್ತಿದೆ. ಅದೇ ಕೊನೆಯ ಸಲ ಅವರನ್ನು ನೋಡಿದ್ದು.

ಸಭೆಯ ದಿನಕ್ಕೆ ಬರುತ್ತೇನೆ. ಅವರ ಹಳೇ ಶಿಷ್ಯ ಒಬ್ಬ ಈಗ ಪಂಚಾಯ್ತಿ ಮೆಂಬರು. ಅವನು ಮೈಕು ಹಿಡಿದು ಅಂದ, “ನಮ್ಮ ಸಾರ್ ಕಣ್ಣು ತಪ್ಪಿಸಿ ಕಾಪಿ ಹೊಡೆಯೋದು ಯಾರಪ್ಪನ ಕೈಲೂ ಆಗ್ತಿರ್ಲಿಲ್ಲ. ಒಬ್ಳು ಟ್ರೈ ಮಾಡಿದ್ಳು. ಹೆಸರು ನಾನು ಹೇಳಲ್ಲ, ನಿಮಗೆಲ್ಲಾ ಗೊತ್ತು.” ಸತ್ತವರ ಫೋಟೋ ಎದುರಿಗೆ ಜನ ನಕ್ಕರು. ನನ್ನ ಮುಂದಿನ ಸಾಲಿನಲ್ಲಿ ಮಂಜುಳನ ತಾಯಿ ಕೂತಿದ್ದಳು. ಅವಳು ಸೆರಗು ಎಳೆದುಕೊಂಡು ನೆಲ ನೋಡಿದಳು. ನಿಮ್ಮ ಮಗಳದು ತಪ್ಪಿಲ್ಲ ಎಂದು ಮೇಷ್ಟ್ರು ಅವಳ ಮನೆಯಲ್ಲಿ ಹೇಳಿದ್ದರು. ಆದರೆ ಹೆತ್ತವಳು ಹೇಳಿದರೆ ಊರು ನಂಬುತ್ತದೆಯೇ?

“ಅಡುಗೆ ಅಜ್ಜಿ ಎರಡು ಮಾತಾಡ್ಲಿ” ಎಂದು ಹೆಡ್ಮಾಸ್ಟರು ಮೈಕನ್ನು ನನ್ನ ಕೈಗೇ ಕೊಟ್ಟರು. ಎದ್ದು ನಿಂತೆ. “ಒಳ್ಳೇ ಮನುಷ್ಯ. ತಟ್ಟೆ ತಾವೇ ತೊಳೀತಿದ್ರು” ಎಂದೆ. ಕೂತೆ. ಚಪ್ಪಾಳೆ ತಟ್ಟಿದರು.

ಹೊರಗೆ ಹೋಗುವಾಗ ಆ ತಾಯಿ ನನ್ನ ಪಕ್ಕದಲ್ಲೇ ನಡೆದಳು. ಮಗಳು ಅವಳಿಗೂ ನನ್ನ ಹೆಸರು ಹೇಳಿರಲಿಲ್ಲ. “ಮೊಮ್ಮಗಳು ಚೆನ್ನಾಗಿ ಓದ್ತಾವ್ಳಾ ಅಕ್ಕ?” ಎಂದು ಕೇಳಿದಳು.

ಮಾರನೆಯ ದಿನ ಬೆಳಿಗ್ಗೆ ಹಾಲಿನ ಡೈರಿಗೆ ಹೋದೆ. ಊರೆಲ್ಲ ಒಂದೇ ಕಡೆ ಸಿಗುವುದು ಅಲ್ಲೇ. ನಮ್ಮ ಮನೆಯಲ್ಲಿ ಹಸು ಇಲ್ಲ. ಬರಿಗೈಯಲ್ಲಿ ಬಂದದ್ದನ್ನು ನೋಡಿ ಹಾಲು ಅಳೆಯುವವನು, “ಏನಜ್ಜಿ, ಕ್ಯಾನ್ ಮರೆತ್ಯಾ, ಹಸು ಮರೆತ್ಯಾ?” ಎಂದ. ಸಾಲು ನಕ್ಕಿತು. ಮೆಂಬರು ಬೈಕಿನ ಮೇಲೆ ಕೂತಿದ್ದ. ಮಂಜುಳನ ತಾಯಿ ಸಾಲಿನ ನಡುವೆ ಇದ್ದಳು.

“ಆ ಮಿಷಿನ್ ಒಂದು ಗಳಿಗೆ ನಿಲ್ಸಪ್ಪ” ಎಂದೆ. ನಿಲ್ಲಿಸಿದ.

ಮಂಜುಳ ಕಾಪಿ ಹೊಡೆದಿಲ್ಲ, ಆ ಲೆಕ್ಕ ಅವಳಿಗೆ ಹೇಳಿಕೊಟ್ಟವಳು ನಾನು, ಅಡುಗೆಮನೆಯಲ್ಲಿ, ಬೋರ್ಡಿನ ಕೆಳಗೆ ಎಂದೆ. ನನ್ನ ಕೆಲಸ ಹೋಗುತ್ತದೆಂದು ಆ ಮಗು ಬಾಯಿ ಬಿಡಲಿಲ್ಲ, ನನ್ನ ಕೆಲಸ ಹೋಗುತ್ತದೆಂದು ನಾನೂ ಬಿಡಲಿಲ್ಲ ಎಂದೆ. ಮೇಷ್ಟ್ರು ಹೇಳಲು ಹೊರಟಾಗ ತಡೆದವಳೂ ನಾನೇ ಎಂದೆ. ಮುದ್ದೆ ಎಷ್ಟು, ತಟ್ಟೆ ಎಷ್ಟು, ಕೋಳಿ ಎಷ್ಟು, ಎಲ್ಲ ಬಿಡಿಸಿ ಹೇಳಿದೆ.

ಮಂಜುಳನ ತಾಯಿ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ನಾನು ಕೇಳಲೂ ಇಲ್ಲ.

ಮೆಂಬರು ಬೈಕಿನಿಂದ ಇಳಿದು, “ಈಗ ಹೇಳಿ ಏನು ಪ್ರಯೋಜನ ಅಜ್ಜಿ?” ಎಂದ.

“ನಿನ್ನೆ ನಕ್ಕಿದ್ದಕ್ಕೆ ಏನು ಪ್ರಯೋಜನ ಇತ್ತಪ್ಪ?” ಎಂದೆ.

ಸಾಲಿನ ಕೊನೆಯಲ್ಲಿ ಆಗ ತಾನೇ ಬಂದು ನಿಂತ ನಾಲ್ಕೈದು ಜನ ಏನಂತೆ, ಏನಂತೆ ಎಂದು ಕೇಳುತ್ತಿದ್ದರು. ಅಲ್ಲಿಯವರೆಗೆ ನಡೆದುಕೊಂಡು ಹೋಗಿ, ಅವರಿಗೆ ಮೊದಲಿನಿಂದ ಹೇಳಿದೆ.